ಹುಟ್ಟುಹಬ್ಬ, ವಯಸ್ಸು, ಆಟಿಸಂ: ಅಂಕಿ ಬದಲಾಗುವ ದಿನದ ಲೆಕ್ಕಾಚಾರ

ಆಟಿಸಂ ಇರುವ ಮಗನೋ ಮಗಳೋ ‘ನನ್ನ ಬರ್ತ್‌ಡೇ ಬೇಡ’ ಎಂದರೆ ಮನೆಯವರಿಗೆ ತಟ್ಟನೆ ಹೊಳೆಯುವ ಕಾರಣ ಎರಡು: ಹಠ, ಇಲ್ಲವೇ ನಮ್ಮ ಮೇಲಿನ ಬೇಜಾರು. ಬಹಳ ಸಲ ಎರಡೂ ಆಗಿರುವುದಿಲ್ಲ. ಕೇಕೂ ಇಷ್ಟ, ಉಡುಗೊರೆಯೂ ಇಷ್ಟ, ಅಜ್ಜಿ ಬರುವುದೂ ಇಷ್ಟ. ಇವೆಲ್ಲ ಒಂದೇ ಸಂಜೆ, ಒಂದೇ ಕೋಣೆಯಲ್ಲಿ ಒಟ್ಟಿಗೆ ಮುತ್ತಿಕೊಂಡು, ಯಾವಾಗ ಮುಗಿಯುತ್ತದೆಂದು ಯಾರೂ ಹೇಳದಿದ್ದರೆ ಕಷ್ಟ. ಇನ್ನೊಂದು ಕಾರಣದ ಬಗ್ಗೆ ಮಾತು ಕಡಿಮೆ: ಆ ದಿನ ವಯಸ್ಸಿನ ಅಂಕಿ ಬದಲಾಗುತ್ತದೆ, ಅದರ ಬೆನ್ನಿಗೇ ಸುತ್ತಲಿನವರ ನಿರೀಕ್ಷೆಯೂ ಬದಲಾಗುತ್ತದೆ. ಮೊದಲನೆಯ ತೊಂದರೆಯನ್ನು ಒಂದು ಸಂಜೆಯ ಏರ್ಪಾಡಿನಲ್ಲಿ ಸರಿಮಾಡಬಹುದು. ಎರಡನೆಯದಕ್ಕೆ ವರ್ಷಗಟ್ಟಲೆ ತಯಾರಿ ಬೇಕು.

ಎಲ್ಲರೂ ಹೀಗೇ ಎಂದೇನಿಲ್ಲ. ಡಿಸೆಂಬರಿನ ಹುಟ್ಟುಹಬ್ಬಕ್ಕೆ ಜನವರಿಯಿಂದಲೇ ದಿನ ಎಣಿಸುವವರಿದ್ದಾರೆ. ಪ್ರತಿವರ್ಷ ಅದೇ ಬೇಕರಿಯ ಅದೇ ಪೈನಾಪಲ್ ಕೇಕು, ಅದೇ ಕುರ್ಚಿ, ಅದೇ ಆರು ಜನ ಬೇಕು ಎನ್ನುವವರಿದ್ದಾರೆ. ಅವರ ಹಬ್ಬ ಕೆಡುವುದು ಬೇಕರಿ ಮುಚ್ಚಿದ ವರ್ಷ.

ಆ ಸಂಜೆ ಎಲ್ಲಿ ಕೈಕೊಡುತ್ತದೆ

ಬೆಂಗಳೂರಿನ ಒಂದು ಮಾಮೂಲಿ ಹುಟ್ಟುಹಬ್ಬವನ್ನು ಬಿಡಿಸಿ ನೋಡಿ. ಬೆಳಿಗ್ಗೆ ಎಣ್ಣೆಸ್ನಾನ, ಆಮೇಲೆ ಒಗೆಯದ ಹೊಸ ಬಟ್ಟೆ. ಅದರ ಗಂಜಿ, ಕುತ್ತಿಗೆ ಹಿಂದಿನ ಲೇಬಲ್ಲು, ಕಂಕುಳ ಹತ್ತಿರದ ಜರಿ ಮೂರೂ ಚುಚ್ಚುತ್ತವೆ. ಅಲ್ಲಿಂದ ದೇವಸ್ಥಾನದಲ್ಲಿ ಅರ್ಚನೆ. ಮಂಗಳಾರತಿ ಹೊತ್ತಿಗೆ ಕರೆಂಟಿನ ನಗಾರಿ-ಗಂಟೆ ಯಂತ್ರ ಕಲ್ಲಿನ ಗೋಡೆಗಳ ನಡುವೆ ಶುರುವಾಗುತ್ತದೆ. ಸಂಜೆ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್: ಬಲೂನು, ಪಾರ್ಟಿ ಪಾಪರ್, ಸ್ನೋ ಸ್ಪ್ರೇ, ಸುರುಸುರುಬತ್ತಿಯಂತೆ ಉರಿಯುವ ಕ್ಯಾಂಡಲ್, ಹದಿನೈದು ಮಕ್ಕಳು, ಸ್ಪೀಕರು. ಶಬ್ದ, ಬೆಳಕು, ಸ್ಪರ್ಶ, ವಾಸನೆಗಳಿಗೆ ವಿಪರೀತವಾಗಿ ಅಥವಾ ತೀರಾ ಕಡಿಮೆ ಸ್ಪಂದಿಸುವುದನ್ನು 2013ರಲ್ಲಿ ಬಂದ, ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5 ಆಟಿಸಂ ಗುರುತಿಸುವ ಲಕ್ಷಣಗಳಲ್ಲೇ ಸೇರಿಸಿತು. ಹಾಗಾಗಿ ಇದನ್ನು ನಾಜೂಕು ಎಂದು ತಳ್ಳಿಹಾಕುವಂತಿಲ್ಲ.

ಬಲೂನಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬಲೂನು ಒಡೆದ ಸದ್ದು ಕ್ಷಣಮಾತ್ರದ್ದು. ಈಗ ಒಡೆಯುತ್ತೋ, ಆಗ ಒಡೆಯುತ್ತೋ ಎಂಬ ಕಾಯುವಿಕೆ ಎರಡು ಗಂಟೆಯದ್ದು. ಮುಂದೇನಾಗುತ್ತದೆ ಎಂಬ ಅಂದಾಜು ಸಿಗದಿದ್ದಾಗ ಮೈ ಬಿಗಿಹಿಡಿದೇ ಇರುತ್ತದೆ. ಮಗು ಕೇಕಿನ ಕಡೆ ನೋಡುತ್ತಿದ್ದರೂ ಗಮನವೆಲ್ಲ ಮೂಲೆಯ ಬಲೂನಿನ ಗೊಂಚಲಿನ ಮೇಲೆ. ರಬ್ಬರ್ ಬಲೂನಿನ ಬದಲು ಫಾಯಿಲ್ ಬಲೂನು ಹಾಕಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ, ಅದು ಹಾಗೆ ಢಬ್ ಎನ್ನುವುದಿಲ್ಲ. ಬಣ್ಣದ ಕಾಗದದ ಮಾಲೆ ಇನ್ನೂ ವಾಸಿ. ತಾವರೆಯ ಹಾಗೆ ಅರಳಿ ಒಂದೇ ಸಮನೆ ಹಾಡುವ ಕ್ಯಾಂಡಲ್ ತರಲೇಬೇಡಿ, ಅದರ ವೈರು ಕಿತ್ತರೇ ನಿಲ್ಲುವುದು.

ಹ್ಯಾಪಿ ಬರ್ತ್‌ಡೇ ಹಾಡುವಾಗ ಸುಮಾರು ಇಪ್ಪತ್ತು ಸೆಕೆಂಡು ಎಲ್ಲರ ಕಣ್ಣೂ ಒಬ್ಬರ ಮೇಲೆ. ಕೈ ಎಲ್ಲಿಡಬೇಕು, ಎಷ್ಟು ನಗಬೇಕು, ಯಾರನ್ನು ನೋಡಬೇಕು ಎಂಬುದಕ್ಕೆ ನಿಯಮವಿಲ್ಲ. ಅವರಿಗೊಂದು ಕೆಲಸ ಕೊಡಿ: ಬೆಂಕಿಪೊಟ್ಟಣ ಹಿಡಿಯುವುದು, ಫೋಟೊ ತೆಗೆಯುವುದು, ತಟ್ಟೆ ಜೋಡಿಸುವುದು. ಲೈಟು ಆರಿಸದೆ ಮೆಲ್ಲಗೆ ಹಾಡಬಹುದು, ಚಪ್ಪಾಳೆಯ ಬದಲು ಕೈ ಬೀಸಬಹುದು, ಹಾಡನ್ನೇ ಬಿಡಲೂಬಹುದು. ಮುಖಕ್ಕೆ ಕೇಕು ಮೆತ್ತುವ ಕಾಲೇಜು-ಆಫೀಸಿನ ಚಾಳಿಗೆ ಮಾತ್ರ ಬದಲಿ ವ್ಯವಸ್ಥೆ ಹುಡುಕುವ ಅಗತ್ಯವಿಲ್ಲ. ಅದು ಆಟಿಸಂ ಇಲ್ಲದವರಿಗೂ ತಮಾಷೆಯಲ್ಲ, ನಿಲ್ಲಿಸುವುದೊಂದೇ ದಾರಿ.

ಮಣೆಯ ಮೇಲೆ ಕೂರಿಸಿ ಆರತಿ ಮಾಡುವ ಮನೆಗಳಲ್ಲಿ ಎಷ್ಟು ಜನ ಆರತಿ ಮಾಡುತ್ತಾರೆ, ಕುಂಕುಮ ಒಣಗಿದ್ದೋ ಕಲಸಿದ್ದೋ, ಅಕ್ಷತೆ ತಲೆ ಮೇಲೆ ಬೀಳುತ್ತದೋ ಇಲ್ಲವೋ ಎಂದು ಮೊದಲೇ ಹೇಳಿಬಿಡಿ. ಅಕ್ಷತೆಯನ್ನು ಕೈಗೆ ಕೊಟ್ಟರೂ ಆಶೀರ್ವಾದ ತಲುಪುತ್ತದೆ. ಕೂದಲಲ್ಲಿ ಸಿಕ್ಕ ಅಕ್ಕಿಕಾಳಿನ ಕಿರಿಕಿರಿ ರಾತ್ರಿ ಮಲಗುವವರೆಗೂ ಹೋಗದಿರಬಹುದು.

ಸರ್‌ಪ್ರೈಸ್ ಪಾರ್ಟಿ ಬೇಡ. ಗುಟ್ಟು ಬೇಕೇಬೇಕು ಎನ್ನುವವರು ಉಡುಗೊರೆ ಏನೆಂಬುದನ್ನು ಮಾತ್ರ ಗುಟ್ಟಾಗಿಡಲಿ. ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ, ಎಲ್ಲಿ ಎಂಬುದು ಗೊತ್ತಿರಲಿ. ಉಡುಗೊರೆಯನ್ನು ಕೊಟ್ಟವರ ಎದುರಿಗೇ ಬಿಚ್ಚಿಸುವುದೂ ಕಷ್ಟದ ಕೆಲಸ. ವಸ್ತುವನ್ನು ನೋಡಿ ಅರ್ಥಮಾಡಿಕೊಳ್ಳುವುದು, ಸರಿಯಾದ ಮುಖಭಾವ ತೋರಿಸುವುದು ಎರಡೂ ಒಂದೇ ಕ್ಷಣದಲ್ಲಿ ಆಗಬೇಕು. ತನಗೆ ಆಗುತ್ತಿರುವುದು ಖುಷಿಯೋ ಗಾಬರಿಯೋ ಎಂದು ಗುರುತಿಸುವುದಕ್ಕೇ ಕೆಲವರಿಗೆ ಗಂಟೆಗಳು, ಕೆಲವೊಮ್ಮೆ ದಿನಗಳು ಹಿಡಿಯುತ್ತವೆ. ಇದಕ್ಕೆ ಅಲೆಕ್ಸಿಥೈಮಿಯಾ ಎನ್ನುತ್ತಾರೆ; ಆಟಿಸಂ ಇರುವವರಲ್ಲಿ ಇದು ಹೆಚ್ಚು. ಸಪ್ಪೆ ಮುಖ ನೋಡಿ ‘ಇಷ್ಟ ಆಗ್ಲಿಲ್ವಾ?’ ಎಂದು ಅತ್ತೆ ಕೇಳುವ ಹೊತ್ತಿಗೆ ಒಳಗೆ ಇನ್ನೂ ಲೆಕ್ಕ ನಡೆದಿರುತ್ತದೆ. ಮರುದಿನ ಒಬ್ಬರೇ ಕೂತು ಬಿಚ್ಚಲಿ, ಥ್ಯಾಂಕ್ಸ್ ಮೆಸೇಜಿನಲ್ಲಿ ಹೋಗಲಿ.

ಇನ್ನು ಯೋಜನೆ. ಒಂದು ಹಾಳೆಯಲ್ಲಿ ಬರೆದು ಮೂರು-ನಾಲ್ಕು ದಿನ ಮೊದಲೇ ಫ್ರಿಜ್ಜಿನ ಮೇಲೆ ಅಂಟಿಸಿ: ಬರುವವರ ಹೆಸರು, ಏನಾದ ಮೇಲೆ ಏನು, ಮುಗಿಯುವ ಹೊತ್ತು. ನಾಲ್ಕರಿಂದ ಆರು ಜನ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಾಕು. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಖಾಲಿ ಇರಲಿ, ಅಲ್ಲಿಗೆ ಹೋಗಲು ಯಾರ ಅಪ್ಪಣೆಯೂ ಬೇಡ. ಇಷ್ಟು ಮಾಡಿಯೂ ಈ ಊರಿನಲ್ಲಿ ಯೋಜನೆ ಕೆಡುವುದು ಟ್ರಾಫಿಕ್ಕಿನಿಂದ. ಐದೂವರೆಗೆ ಕೇಕು ಎಂದು ಬರೆದಿರುತ್ತದೆ, ಚಿಕ್ಕಪ್ಪನ ಕಾರು ಸಿಲ್ಕ್ ಬೋರ್ಡ್ ಹತ್ತಿರ ನಿಂತಿರುತ್ತದೆ, ‘ಹತ್ತೇ ನಿಮಿಷ’ ಎಂಬ ಫೋನು ಮೂರು ಸಲ ಬರುತ್ತದೆ. ಕಾಯುವ ಒಂದು ಗಂಟೆಯಲ್ಲಿ ಹಾಳೆಯ ಮೇಲಿನ ನಂಬಿಕೆಯೇ ಹೋಗುತ್ತದೆ. ಇದಕ್ಕೆ ಉಪಾಯ ಎರಡು. ಯಾರು ಬಂದಿರಲಿ ಬಿಡಲಿ, ಹೇಳಿದ ಹೊತ್ತಿಗೆ ಕೇಕು ಕತ್ತರಿಸುವುದು. ಇಲ್ಲವೇ ಹಾಳೆಯಲ್ಲಿ ಗಂಟೆ ಬರೆಯದೆ ‘ಚಿಕ್ಕಪ್ಪ ಬಂದ ಮೇಲೆ ಕೇಕು, ಏಳರೊಳಗೆ ಬರದಿದ್ದರೆ ಅವರಿಲ್ಲದೆ ಕೇಕು’ ಎಂದು ಬರೆಯುವುದು. ಎರಡನೆಯದರಲ್ಲಿ ತಪ್ಪುವ ಸಾಧ್ಯತೆಯನ್ನೂ ಮೊದಲೇ ಹೇಳಿರುವುದರಿಂದ ಅದು ಹೆಚ್ಚು ಗಟ್ಟಿ.

ಇಡೀ ಸಂಜೆ ನಗುತ್ತಿದ್ದವರು ರಾತ್ರಿ ಅಥವಾ ಎರಡು ದಿನ ಬಿಟ್ಟು ಸಣ್ಣ ಮಾತಿಗೆ ಕಿರುಚಾಡಿದರೆ, ಇಲ್ಲವೇ ಮಾತನ್ನೇ ನಿಲ್ಲಿಸಿದರೆ ಮನೆಯವರಿಗೆ ಕಾರಣ ತಿಳಿಯುವುದಿಲ್ಲ. ಕಷ್ಟವನ್ನು ಮುಚ್ಚಿಟ್ಟು ಎಲ್ಲರಂತೆ ನಟಿಸುವುದಕ್ಕೆ ಮಾಸ್ಕಿಂಗ್ ಎನ್ನುತ್ತಾರೆ. ಅದರ ದಣಿವು ತಡವಾಗಿ ಹೊರಬೀಳುತ್ತದೆ. ಹುಟ್ಟುಹಬ್ಬದ ಮರುದಿನ ಏನನ್ನೂ ಇಟ್ಟುಕೊಳ್ಳದಿರುವುದೇ ಮದ್ದು. ಸಾಧ್ಯವಾದರೆ ಶುಕ್ರವಾರವೋ ಶನಿವಾರವೋ ಆಚರಿಸಿ.

ಆಫೀಸಿನಲ್ಲಿ ನಾಲ್ಕು ಗಂಟೆಗೆ ಕೇಕಿನ ಸುತ್ತ ನಿಲ್ಲುವುದು ಬೇಡವೆಂದರೆ ಎಚ್‌ಆರ್‌ಗೆ ಮೊದಲೇ ಒಂದು ಮೇಲ್ ಹಾಕಿ, ಹಂಚಿಕೊಳ್ಳುವ ಕ್ಯಾಲೆಂಡರಿನಿಂದ ತಾರೀಕು ತೆಗೆಸಬಹುದು. ಮೇಲ್ ಚಿಕ್ಕದಿರಲಿ: ‘ನನ್ನ ಹುಟ್ಟುಹಬ್ಬವನ್ನು ಆಫೀಸಿನಲ್ಲಿ ಆಚರಿಸುವುದು ಬೇಡ. ಶುಭಾಶಯವನ್ನು ಮೆಸೇಜಿನಲ್ಲಿ ಕಳಿಸಿದರೆ ಸಂತೋಷ.’ ಕಾರಣ ವಿವರಿಸಲು ಹೊರಟರೆ ಚರ್ಚೆ ಶುರುವಾಗುತ್ತದೆ. ವಾಟ್ಸ್‌ಆ್ಯಪ್ ಗ್ರೂಪಿನ ನಲವತ್ತು ಶುಭಾಶಯಗಳಿಗೆ ಒಂದೇ ಉತ್ತರ ಸಾಕು.

ಹುಟ್ಟಿದ ದಿನ ಯಾವುದು?

ನಮ್ಮಲ್ಲಿ ಒಬ್ಬರಿಗೆ ಹುಟ್ಟುಹಬ್ಬ ಎರಡು-ಮೂರು ಇರುತ್ತವೆ. ಇಂಗ್ಲಿಷ್ ತಾರೀಕಿನದು ಒಂದು, ಪಂಚಾಂಗದ ತಿಥಿ ಅಥವಾ ಜನ್ಮನಕ್ಷತ್ರದ್ದು ಇನ್ನೊಂದು. ಹಿರಿಯರಾದರೆ ಶಾಲೆಯಲ್ಲಿ ಮೇಷ್ಟ್ರು ಬರೆದುಕೊಂಡ ಜೂನ್ 1 ಮೂರನೆಯದು. ಒಂದು ಪ್ರಶ್ನೆಗೆ ಒಂದೇ ಸರಿಯುತ್ತರ ಬೇಕೆನ್ನುವ ಮನಸ್ಸಿಗೆ ಇದು ಗೊಂದಲ. ‘ಎಲ್ಲಾ ಒಂದೇ ಬಿಡು’ ಎಂಬ ಉತ್ತರ ಕೆಲಸ ಮಾಡುವುದಿಲ್ಲ. ಪೂಜೆ ಯಾವ ದಿನ, ಕೇಕು ಯಾವ ದಿನ, ವಯಸ್ಸು ಬದಲಾಗುವುದು ಯಾವ ದಿನ ಎಂದು ಮೂರು ಸಾಲಾಗಿ ಬರೆದುಕೊಡಿ. ಮೂರನೆಯದಕ್ಕೆ ಕಾನೂನಿನಲ್ಲೇ ಉತ್ತರವಿದೆ: 1875ರ ಭಾರತೀಯ ವಯಸ್ಕತೆ ಕಾಯ್ದೆಯ ಪ್ರಕಾರ ಹದಿನೆಂಟನೆಯ ಹುಟ್ಟುಹಬ್ಬದ ದಿನ ಆರಂಭವಾಗುತ್ತಲೇ ವ್ಯಕ್ತಿ ವಯಸ್ಕ. ಹುಟ್ಟಿದ್ದು ಸಂಜೆ 6.40ಕ್ಕಾದರೂ ಲೆಕ್ಕ ನಡುರಾತ್ರಿಯಿಂದಲೇ. ‘ಹದಿನೆಂಟು ನಡೀತಿದೆ’ ಎಂದು ಅಜ್ಜಿ ಹೇಳುವಾಗ ತುಂಬಿರುವುದು ಹದಿನೇಳು ಎಂಬುದನ್ನೂ ಹಾಳೆಯಲ್ಲಿ ಸೇರಿಸಿ, ಒಂದು ಜಗಳ ಕಡಿಮೆಯಾಗುತ್ತದೆ.

ತಾರೀಕಿನ ಲೆಕ್ಕವನ್ನು ಪ್ರೀತಿಸುವವರಿಗೆ ಹುಟ್ಟುಹಬ್ಬದ ರುಚಿ ಇರುವುದೇ ಇಲ್ಲಿ. ವರ್ಷಕ್ಕೆ 52 ವಾರ ಮತ್ತು ಒಂದು ದಿನ, ಹಾಗಾಗಿ ಹುಟ್ಟಿದ ವಾರ (ಸೋಮವಾರವೋ ಮಂಗಳವಾರವೋ) ಪ್ರತಿವರ್ಷ ಒಂದು ದಿನ ಮುಂದಕ್ಕೆ, ಅಧಿಕ ವರ್ಷದ ಫೆಬ್ರವರಿ 29 ನಡುವೆ ಬಂದರೆ ಎರಡು ದಿನ. 28 ತುಂಬುವ ದಿನ ಹುಟ್ಟಿದ ವಾರವೇ ಮರಳುತ್ತದೆ, ಮತ್ತೆ 56ಕ್ಕೆ. 2100 ಅಧಿಕ ವರ್ಷವಲ್ಲವಾದ್ದರಿಂದ ಅದನ್ನು ದಾಟುವ ಬದುಕುಗಳಿಗೆ ಲೆಕ್ಕ ತಪ್ಪುತ್ತದೆ. ಹನ್ನೆರಡು ಚಾಂದ್ರಮಾಸಕ್ಕೆ ಸುಮಾರು 354 ದಿನ, ಸೌರವರ್ಷಕ್ಕಿಂತ 11 ಕಡಿಮೆ. ಅಧಿಕಮಾಸ ಅದನ್ನು ಸರಿದೂಗಿಸುತ್ತದೆ. ಹತ್ತೊಂಬತ್ತು ಸೌರವರ್ಷ ಮತ್ತು 235 ಚಾಂದ್ರಮಾಸಗಳು ಹೆಚ್ಚುಕಡಿಮೆ ಸಮ. ಆದ್ದರಿಂದ 19, 38, 57ರಲ್ಲಿ ತಿಥಿಯ ಹುಟ್ಟುಹಬ್ಬವೂ ತಾರೀಕಿನದೂ ಸಾಮಾನ್ಯವಾಗಿ ಒಂದು ದಿನದ ಅಂತರದೊಳಗೆ ಬಂದು ಸೇರುತ್ತವೆ. ಜೂನ್ 1ರವರ ಸ್ವಾರಸ್ಯ ಬೇರೆ: ಒಂದನೆಯ ತಾರೀಕು ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕೊನೆಗೆ ನಿವೃತ್ತರು, ಆದ್ದರಿಂದ ಕರ್ನಾಟಕದಲ್ಲಿ ಮೇ 31 ಬೀಳ್ಕೊಡುಗೆಗಳ ದಿನ. ಕೇಕಿಗಿಂತ ಇಂಥ ಅರ್ಧ ಗಂಟೆಯ ಮಾತುಕತೆಯನ್ನೇ ಉಡುಗೊರೆಯಾಗಿ ಬಯಸುವವರು ನಿಮ್ಮ ಮನೆಯಲ್ಲಿರಬಹುದು.

ಅಂಕಿಯ ಹಿಂದೆ ಬರುವ ಅಪ್ಪಣೆಗಳು

‘ಇವತ್ತಿಂದ ನೀನು ದೊಡ್ಡವನು, ಆಟಿಕೆ ರೈಲು ಎಲ್ಲಾ ಬಿಡಬೇಕು.’ ಹೇಳಿದವರು ಮರೆತರೂ, ಮಾತನ್ನು ಅಕ್ಷರಶಃ ತೆಗೆದುಕೊಳ್ಳುವ ಮಗು ಅದನ್ನು ಇಂದು ರಾತ್ರಿಯಿಂದ ಜಾರಿಯಾಗುವ ಕಾನೂನೆಂದು ನಂಬುತ್ತದೆ. ಹುಟ್ಟುಹಬ್ಬವೇ ಬೇಡ ಎನ್ನುವುದರ ಹಿಂದೆ ರೈಲು ಕಳೆದುಕೊಳ್ಳುವ ಭಯವಿರಬಹುದು. ಹಾಳೆಯನ್ನು ಎರಡು ಭಾಗ ಮಾಡಿ ಒಂದು ಕಡೆ ಬದಲಾಗುವುದನ್ನು, ಇನ್ನೊಂದು ಕಡೆ ಬದಲಾಗದಿರುವುದನ್ನು ಬರೆಯಿರಿ. ಮೊದಲನೆಯದರಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ: 9 ಎಂಬುದು 10 ಆಗುತ್ತದೆ. ಮಲಗುವ ಜಾಗ, ಮೊಸರನ್ನದ ಬಟ್ಟಲು, ರೈಲು, ಶಾಲೆಯ ವ್ಯಾನು ಎರಡನೆಯದರಲ್ಲಿ. ನಿಜವಾಗಿಯೂ ಹೊಸ ನಿಯಮ ತರಬೇಕಿದ್ದರೆ ಹುಟ್ಟುಹಬ್ಬಕ್ಕೆ ಎರಡು ವಾರ ಮೊದಲೋ ಎರಡು ವಾರ ಆಮೇಲೋ ತನ್ನಿ.

ನಿಯಮ ಪಾಲಿಸುವುದರಲ್ಲಿ ಮಕ್ಕಳು ದೊಡ್ಡವರನ್ನು ಮೀರಿಸುವುದೂ ಉಂಟು. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಅರ್ಧ ಟಿಕೆಟ್ 12ಕ್ಕೆ ಮುಗಿಯುತ್ತದೆ. ಮರುದಿನವೇ ‘ನನಗೆ ಫುಲ್ ಟಿಕೆಟ್ ತಗೋ’ ಎನ್ನುವ ಹುಡುಗನನ್ನು ಅಪ್ಪ ಗದರಿಸಿ ಕೂರಿಸಿದರೆ, ತಪ್ಪು ಯಾರದೆಂದು ಕಂಡಕ್ಟರಿಗೂ ಗೊತ್ತಿರುತ್ತದೆ.

ದೊಡ್ಡವರಾದ ಮೇಲೆ ಆಟಿಸಂ ಇರುವ ಹಲವರು ತಮಗೆ ತಮ್ಮ ವಯಸ್ಸು ಒಳಗಿನಿಂದ ಅನಿಸುವುದೇ ಇಲ್ಲ ಎನ್ನುತ್ತಾರೆ. ಉಳಿದವರು ವಯಸ್ಸನ್ನು ಅಳೆಯುವುದು ಓರಗೆಯವರ ಜೊತೆ: ಎಸ್‌ಎಸ್‌ಎಲ್‌ಸಿ, ಡಿಗ್ರಿ, ಕೆಲಸ, ಮದುವೆ, ಸೈಟು. ಈ ಮೆಟ್ಟಿಲುಗಳು ಬೇರೆ ಕ್ರಮದಲ್ಲಿ ಬಂದವರಿಗೆ, ಕೆಲವು ಬಾರದೇ ಇದ್ದವರಿಗೆ, 34 ಎಂಬ ಅಂಕಿ ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ. ಅಕ್ಕನ ಮಕ್ಕಳ ಗೆಳೆಯರು ಒಂದು ದಿನ ‘ಅಂಕಲ್’ ಎಂದಾಗ ಗಾಬರಿಯಾಗುತ್ತದೆ. ಇದನ್ನು ‘ದೇಹಕ್ಕೆ ಮೂವತ್ತು, ಬುದ್ಧಿಗೆ ಆರು’ ಎಂದು ಅರ್ಥೈಸುವುದು ದೊಡ್ಡ ತಪ್ಪು. ಮಾನಸಿಕ ವಯಸ್ಸು ಎಂಬುದು ಒಂದು ಪರೀಕ್ಷೆಯ ಅಂಕವನ್ನು ಆ ಅಂಕ ಪಡೆಯುವ ಮಕ್ಕಳ ಸರಾಸರಿ ವಯಸ್ಸಿಗೆ ಹೋಲಿಸಿದ ಲೆಕ್ಕ ಅಷ್ಟೇ. ಆರು ವರ್ಷದ ಮಗುವಿಗೆ ಮೂವತ್ತು ವರ್ಷದ ಅನುಭವವಾಗಲಿ, ಆಸೆಯಾಗಲಿ, ದುಃಖವಾಗಲಿ ಇರುವುದಿಲ್ಲ. ಕೋಡ್ ಬರೆದು ಸಂಬಳ ತರುವವರು ಒಬ್ಬರೇ ರಸ್ತೆ ದಾಟಲಾರದೆ ನಿಲ್ಲಬಹುದು. ಎರಡೂ ಅದೇ ವಯಸ್ಕರ ಸಾಮರ್ಥ್ಯಗಳು, ಏರುಪೇರಾಗಿವೆ.

ಹದಿನೆಂಟು

ಉಳಿದ ಅಂಕಿಗಳು ಮನಸ್ಸಿನಲ್ಲಿ ಬದಲಾದರೆ ಇದು ಕಾಗದದಲ್ಲಿ ಬದಲಾಗುತ್ತದೆ, ಅದಕ್ಕೇ ಹದಿನಾರರಿಂದ ತಯಾರಿ ಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಸೇರಿದಂತೆ 21 ವೈಕಲ್ಯಗಳನ್ನು ಗುರುತಿಸಿದೆ. ಶೇ 40 ಅಥವಾ ಹೆಚ್ಚು ವೈಕಲ್ಯವಿರುವವರಿಗೆ 6ರಿಂದ 18ರವರೆಗೆ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಆಮೇಲೆ ಶಾಲೆಯ ದಿನಚರಿ ಒಮ್ಮೆಗೇ ನಿಲ್ಲುತ್ತದೆ. ಮಕ್ಕಳ ಡಾಕ್ಟರು, ಮಕ್ಕಳ ಮನೋವೈದ್ಯ ವಿಭಾಗ ಮುಗಿದು ವಯಸ್ಕರ ವಿಭಾಗಕ್ಕೆ ಹೋಗಬೇಕು. ಅಲ್ಲಿ ಹೊಸ ಕಾರಿಡಾರು, ಹೊಸ ಮುಖ, ಅಮ್ಮನ ಬದಲು ನೇರ ಅವರನ್ನೇ ಕೇಳುವ ಪ್ರಶ್ನೆ. ಹದಿನೇಳರಲ್ಲೇ ಒಂದು ಪುಟದ ಆರೋಗ್ಯ ವಿವರ ಬರೆದಿಡಿ: ಔಷಧಿ ಮತ್ತು ಪ್ರಮಾಣ, ನೋವಾದರೆ ಹೇಗೆ ಗೊತ್ತಾಗುತ್ತದೆ, ಮುಟ್ಟುವ ಮೊದಲು ಏನು ಹೇಳಬೇಕು.

ಬ್ಯಾಂಕಿನಲ್ಲಿ ಅಪ್ರಾಪ್ತರ ಖಾತೆಗೆ ಹೊಸ ಸಹಿ, ಹೊಸ ದಾಖಲೆ ಕೇಳುತ್ತಾರೆ. ಇಲ್ಲಿ ಎಡವುವುದು ಸಹಿಯಲ್ಲಿ. ಕೈಬರಹ ಒಂದೇ ಥರ ಬಾರದವರ ಸಹಿ ಪ್ರತಿಸಲ ಬೇರೆಯಾಗಿ ಚೆಕ್ಕು ವಾಪಸ್ ಬರುತ್ತದೆ. ಎರಡೋ ಮೂರೋ ಅಕ್ಷರದ ಚಿಕ್ಕ ಸಹಿ ಆರಿಸಿ ಆರು ತಿಂಗಳು ಅಭ್ಯಾಸ ಮಾಡಿಸಿ. ಆಧಾರ್ ಬಯೋಮೆಟ್ರಿಕ್ 5ರಲ್ಲಿ, 15ರಲ್ಲಿ ಹೊಸದಾಗಿ ಕೊಡಬೇಕು. 15ರದು ಬಿಟ್ಟುಹೋಗಿದ್ದರೆ ಬೆರಳಚ್ಚು ಹೊಂದದೆ ಕೆಲಸ ನಿಲ್ಲುತ್ತದೆ. ಮತದಾರರ ಪಟ್ಟಿಗೆ ಹದಿನೇಳು ತುಂಬಿದ ಮೇಲೆ ಮುಂಗಡವಾಗಿ ಅರ್ಜಿ ಹಾಕಬಹುದು, ಅರ್ಹತೆ ಮಾತ್ರ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೆಯ ತಾರೀಕುಗಳ ಲೆಕ್ಕದಲ್ಲಿ. ‘18 ಆಯ್ತು, ಇವತ್ತೇ ವೋಟು’ ಎಂದು ಕಾಯುವವರಿಗೆ ಇದನ್ನು ಮೊದಲೇ ಹೇಳಬೇಕು.

ವಯಸ್ಕರಾದವರ ಪರವಾಗಿ ಇನ್ನೊಬ್ಬರು ತೀರ್ಮಾನ ತೆಗೆದುಕೊಳ್ಳುವ ಪಾಲಕತ್ವದ ದಾರಿ ಎರಡು, ಕಾಕತಾಳೀಯವಾಗಿ ಎರಡೂ 14ನೆಯ ಸೆಕ್ಷನ್. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಸ್ಥಳೀಯ ಮಟ್ಟದ ಸಮಿತಿ ಕಾನೂನುಬದ್ಧ ಪಾಲಕರನ್ನು ನೇಮಿಸುತ್ತದೆ. 2016ರ ಕಾಯ್ದೆಯ ಸೀಮಿತ ಪಾಲಕತ್ವದಲ್ಲಿ ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ, ವ್ಯಕ್ತಿಯ ಜೊತೆ ಸಮಾಲೋಚಿಸಿ ತೀರ್ಮಾನ ಆಗುತ್ತದೆ. ಆಟಿಸಂ ಇದ್ದ ಮಾತ್ರಕ್ಕೆ ಪಾಲಕರು ಬೇಕೆಂದಿಲ್ಲ. ಹಣದ ವ್ಯವಹಾರದಲ್ಲಿ ಮಾತ್ರ ನೆರವು ಬೇಕಾದವರ ಇಡೀ ಬದುಕಿನ ಸಹಿಯನ್ನು ಇನ್ನೊಬ್ಬರ ಕೈಗೆ ಕೊಡುವುದು ಅವಸರದ ಕೆಲಸ.

ವೈಕಲ್ಯದ ಪ್ರಮಾಣಪತ್ರ ಕೊಡಲು ಆಟಿಸಂ ಅಳೆಯುವ ಭಾರತೀಯ ಮಾಪನ ಐಸಾದಲ್ಲಿ 40 ಅಂಶಗಳು, ಪ್ರತಿಯೊಂದಕ್ಕೂ 1ರಿಂದ 5. ಮೊತ್ತ 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲವೆಂದು, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಗಮನಿಸಿ, ಕೇಳಿ ಅಂಕ ಹಾಕುವ ವಿಧಾನವಾದ್ದರಿಂದ ಚೆನ್ನಾಗಿ ನಟಿಸಲು ಕಲಿತ ವಯಸ್ಕರಿಗೆ ಅಂಕ ಕಡಿಮೆ ಬೀಳುವ ಸಾಧ್ಯತೆಯಿದೆ. ಮನೆಯಲ್ಲಿ ನಿಜಕ್ಕೂ ಏನಾಗುತ್ತದೆ ಎಂಬ ಹತ್ತು-ಹನ್ನೆರಡು ಉದಾಹರಣೆಗಳನ್ನು ತಾರೀಕಿನೊಂದಿಗೆ ಬರೆದೊಯ್ಯಿರಿ. ವೈಕಲ್ಯದ ಗುರುತಿನ ಕಾರ್ಡಿನ ಮೇಲೆ ಮುಗಿಯುವ ದಿನಾಂಕವಿದೆಯೇ ನೋಡಿಕೊಳ್ಳಿ.

ನಲವತ್ತು ದಾಟಿದವರು

ಆಟಿಸಂ ಎಂದರೆ ಮಕ್ಕಳ ಚಿತ್ರವೇ ಕಣ್ಣಿಗೆ ಬರುತ್ತದೆ. ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ ವಿವರಿಸಿದ್ದೂ 11 ಮಕ್ಕಳನ್ನೇ. ಆ ಪಟ್ಟಿಯ ಮೊದಲಿಗ ಡೊನಾಲ್ಡ್ ಟ್ರಿಪ್ಲೆಟ್ 1933ರಲ್ಲಿ ಹುಟ್ಟಿ, ಬ್ಯಾಂಕಿನಲ್ಲಿ ಕೆಲಸ ಮಾಡಿ, ಊರೂರು ತಿರುಗಿ, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಡಿಎಸ್‌ಎಂನಲ್ಲಿ ಆಟಿಸಂ ಪ್ರತ್ಯೇಕ ಹೆಸರಾಗಿ ಬಂದಿದ್ದು 1980ರಲ್ಲಿ. ಆಗಲೇ ಬೆಳೆದಿದ್ದವರನ್ನು ನಮ್ಮಲ್ಲಿ ‘ಒಂಟಿಪಿಶಾಚಿ’, ‘ಒಂಥರಾ ಮನುಷ್ಯ’ ಎಂದು ಕರೆದು ಮುಗಿಸಿದರು. ಮಗುವಿನ ವರದಿ ಓದುತ್ತಾ ‘ಇದು ನಾನೇ’ ಎಂದು ನಲವತ್ತೈದರಲ್ಲಿ ತಿಳಿಯುವ ತಂದೆ-ತಾಯಂದಿರು ಈ ಗುಂಪಿನವರು.

ಹಸಿವು, ಬಾಯಾರಿಕೆ, ನೋವುಗಳ ಒಳಸೂಚನೆ ಮಂದವಾಗಿ ಅಥವಾ ತಡವಾಗಿ ಸಿಗುವವರಿಗೆ ‘ಏನಾದರೂ ಆದಾಗ ಡಾಕ್ಟರ ಹತ್ತಿರ ಹೋಗೋಣ’ ಎಂಬುದು ಅಪಾಯದ ನಿಯಮ. ಬಿಪಿ, ಸಕ್ಕರೆ, ಕಣ್ಣು, ಹಲ್ಲುಗಳ ತಪಾಸಣೆಯನ್ನು ಹುಟ್ಟಿದ ತಿಂಗಳಿಗೆ ಕಟ್ಟಿಹಾಕಿ. ರಕ್ತಪರೀಕ್ಷೆಗೆ ದಿನದ ಮೊದಲ ಸರದಿ ಕೇಳಿ, ಆಗ ಜನವೂ ಕಡಿಮೆ, ಉಪವಾಸವೂ ಚಿಕ್ಕದು. ಚಾಳೀಸು ಬಂದಾಗ, ಹತ್ತಿರಕ್ಕೂ ದೂರಕ್ಕೂ ಒಂದೇ ಆಗುವ ಪ್ರೊಗ್ರೆಸಿವ್ ಗಾಜಿನ ಅಂಚಿನಲ್ಲಿ ನೆಲ ಅಲೆಯಾಡಿದಂತೆ ಕಾಣುತ್ತದೆ. ಅದು ಸಹಿಸದಿದ್ದರೆ ಓದಲು ಬೇರೆ, ದೂರಕ್ಕೆ ಬೇರೆ ಕನ್ನಡಕ ಸರಳ. ಮುಟ್ಟು ನಿಲ್ಲುವ ಕಾಲದ ಸೆಕೆ, ನಿದ್ದೆಗೇಡು, ಹೆಚ್ಚುವ ಶಬ್ದಸೂಕ್ಷ್ಮತೆ ಒಟ್ಟಾಗಿ, ಅಲ್ಲಿಯವರೆಗೆ ನಿಭಾಯಿಸಿದ್ದ ಮಾಸ್ಕಿಂಗ್ ಕುಸಿಯಬಹುದು. ಬರುತ್ತಿದ್ದ ಕೆಲಸಗಳೇ ಕೈಗೆ ಬಾರದಂತಾಗುವ ಈ ಬಳಲಿಕೆಯನ್ನು ಸೋಮಾರಿತನ ಎನ್ನುವವರೇ ಹೆಚ್ಚು.

ಅರವತ್ತಕ್ಕೆ ಷಷ್ಟ್ಯಬ್ದಿ. ಹೋಮದ ಹೊಗೆ, ನಾದಸ್ವರ, ನೂರು ಜನರ ಎದುರು ತಲೆಯ ಮೇಲೆ ಕಲಶದ ತಣ್ಣೀರು. ಬೇಡವೆಂದರೆ ದೇವಸ್ಥಾನದಲ್ಲಿ ಸಣ್ಣ ಪೂಜೆ ಸಾಕು. ಮಾಡುವುದೇ ಆದರೆ ಪುರೋಹಿತರನ್ನು ಕೇಳಿ ಕ್ರಮ ಬರೆದುಕೊಳ್ಳಿ, ನೀರು ಉಗುರುಬೆಚ್ಚಗಿರಲಿ.

ಅಂಕಿಗಳಲ್ಲಿ ಯೋಚಿಸುವವರು ಅಪ್ಪ-ಅಮ್ಮನ ವಯಸ್ಸನ್ನೂ ಕೂಡಿಸುತ್ತಿರುತ್ತಾರೆ. ‘ಅಮ್ಮಂಗೆ 72. ನಂಗೆ 60 ಆದಾಗ ಅಮ್ಮ ಇರ್ತಾಳಾ?’ ‘ಅದೆಲ್ಲಾ ಯಾಕೀಗ’ ಎಂದರೆ ಪ್ರಶ್ನೆ ರಾತ್ರಿ ಮತ್ತೆ ಬರುತ್ತದೆ. ಬಹುಶಃ ಇರುವುದಿಲ್ಲ, ಆಗ ನೀನು ಇರುವ ಮನೆ ಇದು, ನೋಡಿಕೊಳ್ಳುವವರು ಇವರು ಎಂದು ಹೇಳುವಷ್ಟು ತಯಾರಿ ಇದ್ದರೆ ಮಾತ್ರ ಉತ್ತರ ಪೂರ್ಣ. ಸತ್ತವರನ್ನು ‘ದೇವರ ಹತ್ರ ಹೋದ್ರು’ ಎಂದರೆ ಯಾವಾಗ ವಾಪಸ್ ಎಂಬ ಪ್ರಶ್ನೆ ಸಹಜ. ತೀರಿಕೊಂಡರು, ಮತ್ತೆ ಬರುವುದಿಲ್ಲ ಎಂದೇ ಹೇಳಿ.

ತಯಾರಿ ಎಂದರೆ ಮೊದಲು ಒಂದು ನೋಟ್‌ಬುಕ್. ಬಹುಪಾಲು ಮನೆಗಳಲ್ಲಿ ಎಲ್ಲ ಮಾಹಿತಿ ಅಮ್ಮನ ತಲೆಯಲ್ಲಿರುತ್ತದೆ, ಅವರು ಆಸ್ಪತ್ರೆ ಸೇರಿದ ರಾತ್ರಿಯೇ ಅದು ಎಲ್ಲರಿಗೂ ತಿಳಿಯುವುದು. ಯಾವ ಬ್ರ್ಯಾಂಡಿನ ಮೊಸರು, ಯಾವ ಬಸ್ಸು, ಕ್ಷೌರ ಯಾರ ಹತ್ತಿರ, ಸಿಟ್ಟು ಏರುವ ಮೊದಲ ಸೂಚನೆ ಏನು, ಆಗ ಏನು ಮಾಡಬಾರದು ಎಲ್ಲ ಬರೆದು ಒಂದು ಪ್ರತಿಯನ್ನು ಅಕ್ಕ-ತಮ್ಮಂದಿರ ಕೈಗೆ ಕೊಡಿ. ರಾಷ್ಟ್ರೀಯ ನ್ಯಾಸದ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಇದೆ. ವಯಸ್ಕರ ಸಾಮೂಹಿಕ ವಸತಿಗೆ ಸಮರ್ಥ್-ಘರೌಂದಾ ಯೋಜನೆಯಿದೆ. ಹಳೆಯ ಪಿಂಚಣಿ ವ್ಯವಸ್ಥೆಯ ಸರ್ಕಾರಿ ನೌಕರರಾಗಿದ್ದರೆ, ದುಡಿದು ಬದುಕಲಾಗದ ಮಕ್ಕಳಿಗೆ ವಯೋಮಿತಿಯಿಲ್ಲದೆ ಕುಟುಂಬ ಪಿಂಚಣಿ ಸಿಗುತ್ತದೆ. ಆ ಹೆಸರನ್ನು ತಂದೆ-ತಾಯಿ ಬದುಕಿರುವಾಗಲೇ ದಾಖಲೆಗೆ ಸೇರಿಸಿಡುವುದು ಸುಲಭ, ಆಮೇಲೆ ಕಚೇರಿಯಿಂದ ಕಚೇರಿಗೆ ಅಲೆದಾಟ. ಮನೆಯ ಹೊರಗೆ ಉಳಿಯುವ ಅಭ್ಯಾಸವನ್ನು ಅಕ್ಕನ ಮನೆಯಲ್ಲಿ ಒಂದು ರಾತ್ರಿಯಿಂದ ಶುರುಮಾಡಿ, ಅದೇ ದಿಂಬು, ಅದೇ ಹೊದಿಕೆ ಜೊತೆಗಿರಲಿ. ಮೂರು ರಾತ್ರಿಗೆ ಹೋಗುವ ಮೊದಲು ಒಂದು ರಾತ್ರಿಯದು ಎರಡು-ಮೂರು ಸಲ ತೊಂದರೆಯಿಲ್ಲದೆ ಆಗಿರಬೇಕು.